ಅಮ್ಮನ ರಗ್ಗು

ಸೀನು ಬರುವುದು ಅವಳಿಗೆ ಮೊದಲೇ ಗೊತ್ತಾಯಿತು. ಆದರೆ ಚಿಮಟ ಕೆಳಗಿಡುವಷ್ಟು ಪುರುಸೊತ್ತನ್ನೂ ಮೂಗು ಕೊಡಲಿಲ್ಲ. ಬಿಚ್ಚಿಟ್ಟಿದ್ದ ಕೈಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗು ಹಾರಿ ಎಲ್ಲಿ ಬಿತ್ತೋ, ಮೊಣಕಾಲೂರಿ ಅಂಗಡಿಯ ನೆಲವನ್ನೆಲ್ಲ ತಡಕಿದರೂ ಸಿಗಲಿಲ್ಲ.

"ಸಾಕು, ಏಳಮ್ಮ," ಎಂದರು ಅಂಗಡಿಯ ಯಜಮಾನರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಸೋಮವಾರದ ತನಕ ಮನೇಲಿರು. ಆಮೇಲೂ ಹೀಗೇ ಆದ್ರೆ, ಗೋಡೆ ಗಡಿಯಾರಕ್ಕೆ ಸೆಲ್ ಹಾಕ್ಕೊಂಡಿರು. ಈ ಮೇಜಿಗೆ ಬೇರೆಯವರನ್ನ ನೋಡ್ತೀನಿ."

ಮನೆಯಲ್ಲಿ ಅತ್ತೆ ಅವಳಿಗಾಗಿ ಮಾಡಿಟ್ಟ ಔಷಧಿ ಒಲೆಯ ಮೇಲೆ ಕಾದೇ ಇತ್ತು. ಬೆಳಿಗ್ಗೆ ಮೂಗಿಗೆ ಎಳ್ಳೆಣ್ಣೆಯ ಹನಿ, ಊಟದ ಮೇಲೆ ಹಿಪ್ಪಲಿ ಪುಡಿ ಕಲಸಿದ ಜೇನು, ಮಲಗುವಾಗ ಅರಿಶಿನದ ಹಾಲು, ಕೆಲಸದಿಂದ ಬಂದ ಕೂಡಲೇ ತುಳಸಿ, ಓಂಕಾಳು ಹಾಕಿದ ಬಿಸಿನೀರಿನ ಹಬೆ. ಚಳಿ ಶುರುವಾದಾಗಿನಿಂದ ಇದೇ ಆಯಿತು. ನುಂಗಿ ನುಂಗಿ ಅವಳಿಗೂ ಸಾಕಾಗಿತ್ತು, ಅರೆದು ಅರೆದು ಅತ್ತೆಗೂ.

ಎಂದಿನಂತೆ ಅಮ್ಮನ ಉಣ್ಣೆ ರಗ್ಗಿನ ಮುಸುಕೆಳೆದುಕೊಂಡು ಪಾತ್ರೆಯ ಮೇಲೆ ಬಗ್ಗಿದಳು. ಅಮ್ಮ ಹೋದ ಮೇಲೆ ತವರಿನಿಂದ ತಂದದ್ದು ಅದೊಂದೇ. ರಾತ್ರಿ ಹೊದೆಯುತ್ತಿದ್ದದ್ದೂ ಅದನ್ನೇ. ವಾಸನೆ ಹೋಗಿಬಿಟ್ಟೀತೆಂದು ಇದುವರೆಗೂ ಅದಕ್ಕೆ ನೀರು ಮುಟ್ಟಿಸಿರಲಿಲ್ಲ.

ಹಬೆ ಮುಖಕ್ಕೆ ತಾಗುವ ಮೊದಲೇ ಸೀನುಗಳು ಒಂದರ ಬೆನ್ನಿಗೊಂದು ಹೊರಟವು.

"ಬಾಗಿಲಿಗೆ ಬಂದಾಗ ಒಂದು ಸೀನೂ ಇರ್ಲಿಲ್ವಲ್ಲೇ! ರಾತ್ರಿಯೆಲ್ಲ ಹೊದೆಯೋದೂ ಇದನ್ನೇ. ಇದರೊಳಗೆ ಹೊಕ್ಕ ಮೇಲೆ ತಾನೆ..." ಅತ್ತೆ ರಗ್ಗನ್ನು ಎಳೆದು, ಕಿಟಕಿಯ ಇಳಿಬಿಸಿಲಿಗೆ ಹಿಡಿದು, ಅಂಗೈಯಿಂದ ಒಂದು ಪೆಟ್ಟು ಕೊಟ್ಟರು. ಹಿಟ್ಟಿನ ಗಿರಣಿಯಲ್ಲಿ ಏಳುವಂತೆ ಧೂಳೆದ್ದು ಬಿಸಿಲುಕೋಲಿನ ತುಂಬ ನಿಂತಿತು.

ಇಬ್ಬರೂ ಅದನ್ನೇ ನೋಡುತ್ತ ಕುಳಿತರು.

"ನಾನೊಬ್ಬಳು ಪೆದ್ದಿ. ಸುಮ್ನೆ ತುಳಸಿ ಗಿಡಾನ ಬೋಳು ಮಾಡಿದೆ," ಅತ್ತೆ ನಗಲು ನೋಡಿದರು, ಆಗಲಿಲ್ಲ. "ಒಗೆದುಬಿಡೋಣ ಕಣೇ."

"ಬೇಡ ಅತ್ತೆ. ಅಮ್ಮನ ವಾಸನೆ ಇರೋದು ಅದ್ರಲ್ಲೊಂದೇ."

"ನಿಂಗೆ ವಾಸನೆ ಗೊತ್ತಾಗಿ ಎಷ್ಟು ಕಾಲ ಆಯ್ತೇ? ಮೊನ್ನೆ ಹಾಲು ಸೀದು ಮನೆಯೆಲ್ಲ ನಾರ್ತಿದ್ರೆ, ಒಲೆ ಪಕ್ಕದಲ್ಲೇ ನಿಂತಿದ್ದೆ ನೀನು."

ಅವಳು ತಾನೇ ಎದ್ದು ಬಕೆಟ್ಟಿಗೆ ನೀರು ಬಿಟ್ಟಳು. ರಗ್ಗು ಮುಳುಗಿದ್ದೇ ನೀರು ಮಣ್ಣಿನ ಬಣ್ಣಕ್ಕೆ ತಿರುಗಿತು. ಚೆಲ್ಲಲು ಮನಸ್ಸು ಬರದೆ ನಿಂತಿದ್ದವಳ ಕೈಯಿಂದ ಅತ್ತೆ ಬಕೆಟ್ಟನ್ನು ಮೆಲ್ಲಗೆ ತೆಗೆದುಕೊಂಡರು.

ಸೋಮವಾರ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮುಂಚೆ, ಅವಳು ತಂತಿಯ ಮೇಲೆ ಒಣಗಿದ್ದ ರಗ್ಗಿನಲ್ಲಿ ಮುಖ ಹುದುಗಿಸಿ ಉಸಿರೆಳೆದಳು. ಎಷ್ಟೋ ದಿನದ ಮೇಲೆ ಮೂಗಿನ ಎರಡೂ ಹೊಳ್ಳೆ ತೆರೆದಿದ್ದವು. ಸೋಪಿನ ವಾಸನೆ. ಬಿಸಿಲಿನ ವಾಸನೆ. ಇನ್ನೊಮ್ಮೆ ಎಳೆದಳು. ಅಷ್ಟೇ.

ಅಲ್ಲೇ ನಿಂತು ಸೀನಿಗಾಗಿ ಕಾದಳು. ಬರಲಿಲ್ಲ.