ತೂಗುವವನ ತೂಕ

“ತಡೀರಿ, ತಡೀರಿ. ಒಂಚೂರು ಕೆಳಗಿಡಿ.”

ಇಗರ್ಜಿಯ ಮೆಟ್ಟಿಲ ನಡುವೆ ಸ್ಟಾನ್ ಜಲೆಸ್ಕಿ ನಿಂತುಬಿಟ್ಟ. ಹೊತ್ತಿದ್ದ ಉಳಿದವರೂ ನಿಲ್ಲಬೇಕಾಯಿತು. ಶವಪೆಟ್ಟಿಗೆ ಒಂದು ಬದಿಗೆ ವಾಲಿತು.

“ಮೆಟ್ಟಿಲ ಮೇಲೆ ಇಡೋದಾ? ತಲೆ ಕೆಟ್ಟಿದ್ಯಾ ನಿಂಗೆ? ನಡಿ ಮೇಲೆ,” ಎಂದ ಗಿಲ್ ಹಾಲ್ಸಿ. ಸತ್ತ ವೆಂಡೆಲ್ ಕಾರ್ವಿನ್‌ಗೆ ಅವನು ಹೆಂಡತಿಯ ತಮ್ಮ.

ಹೇಗೋ ಮೇಲೇರಿ, ಬಾಗಿಲ ಒಳಗಿದ್ದ ಗಾಲಿಬಂಡಿಯ ಮೇಲೆ ಪೆಟ್ಟಿಗೆ ಇಳಿಸಿದರು. ದೋಣಿ ನಿಲ್ಲುವ ಧಕ್ಕೆಯವರು ಯಾರು ಸತ್ತರೂ ದೋಣಿಗೊಬ್ಬರಂತೆ ಬಂದು ಹೆಗಲು ಕೊಡುವುದು ಆ ಬಂದರಿನ ರೂಢಿ. ಇಲ್ಲದಿದ್ದರೆ ಸ್ಟಾನ್ ಈ ಮನೆಯವರ ಸಾವಿಗೆ ಬರುತ್ತಿರಲಿಲ್ಲ. ಅವನು ಅಂಗೈ ಉಜ್ಜಿಕೊಳ್ಳುತ್ತ ಪೆಟ್ಟಿಗೆಯನ್ನೇ ನೋಡಿದ.

“ಗಿಲ್, ಆಸ್ಪತ್ರೇಲಿ ನೋಡಿದ್ಯಲ್ಲ ಅವನನ್ನ. ಮಾಂಸ ಬಿಡಿಸಿದ ಮೀನಿನ ಮುಳ್ಳು ಇದ್ದ ಹಾಗಿದ್ದ.”

“ಪೆಟ್ಟಿಗೆ ಭಾರ ಕಣೋ. ಓಕ್ ಮರ.”

“ಪೈನ್. ಪೆಟ್ಟಿಗೆ ತಂದ ಪೆಕ್‌ನ ಕೇಳಿದೆ. ಹುಟ್ಟಿದಾಗಿಂದ ಮೀನು ಎತ್ತಿರೋ ಕೈ ಇದು, ಇದಕ್ಕೆ ಸುಳ್ಳು ಹೇಳ್ಬೇಡ.”

“ಈಗ ಏನಂತೀಯ?”

“ಜೂನ್‌ನಲ್ಲೂ ಅವನು ಇರಬೇಕಾದ್ದಕ್ಕಿಂತ ಭಾರ ಇದ್ದ. ಇವತ್ತೂ ಇದ್ದಾನೆ. ಅಷ್ಟೇ ಅಂತಿರೋದು.”

*

ಜೂನ್ ತಿಂಗಳ ಶಾರ್ಕ್ ಹಿಡಿಯುವ ಪಂದ್ಯದಲ್ಲಿ ಧಕ್ಕೆಯ ಮೇಲೆ ಮೊದಲು ತೂಗುವುದು ಶಾರ್ಕನ್ನಲ್ಲ, ತೂಗುವವನನ್ನು. ಆಳ ಕಡಲಿಗೆ ಹೋದ ದೋಣಿಗಳಲ್ಲಿ ಮೊದಲನೆಯದು ಅಲೆ ತಡೆಯುವ ಕಲ್ಲುಗೋಡೆಯ ತುದಿಯಲ್ಲಿ ಕಂಡೊಡನೆ, ತೂಗುವ ಕೆಲಸದ ವೆಂಡೆಲ್ ತನ್ನ ಹಳದಿ ಮಳೆಕೋಟು ತೊಟ್ಟು, ತೂಕದ ಯಂತ್ರದ ಕೊಕ್ಕೆಗೆ ಕಟ್ಟಿದ ಹಗ್ಗದ ಉಯ್ಯಾಲೆಯಲ್ಲಿ ಕೂರುತ್ತಿದ್ದ. ಜನ ಕೂಗುತ್ತ ಅವನನ್ನು ಮೇಲೆತ್ತುತ್ತಿದ್ದರು. ಮುಳ್ಳು ನೂರ ತೊಂಬತ್ತು ಪೌಂಡಿಗೆ ನಿಲ್ಲುತ್ತಿತ್ತು. ಪ್ರತಿ ವರ್ಷವೂ ಅಷ್ಟೇ. ಯಂತ್ರ ಸರಿಯಿದೆ ಎನ್ನಲು ಆ ಊರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈ ವರ್ಷ ಅವನ ಕೆನ್ನೆ ಒಳಗೆ ಹೋಗಿತ್ತು.

“ಏನೋ ವೆಂಡೆಲ್, ಲೊರೆಟ್ಟಾ ಊಟ ಹಾಕ್ತಿಲ್ವಾ?”

“ಬಿಯರ್ ಬಿಟ್ಟೆ ಕಣ್ರೋ. ಕೆನ್ನೆ ಹೋಯ್ತು, ಹೊಟ್ಟೆ ಮಾತ್ರ ಹಟ ಹಿಡ್ದು ಕೂತಿದೆ!”

ಜನ ನಕ್ಕರು. ಮುಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದ ಅವನ ಮಗಳು ನೋರೀನ್ ನಗಲಿಲ್ಲ. ಅವಳು ನಗರದ ಆಸ್ಪತ್ರೆಯಲ್ಲಿ ನರ್ಸು. ಅಪ್ಪನ ಕುತ್ತಿಗೆ, ಕಣ್ಣಿನ ಬಿಳಿ, ಮಣಿಕಟ್ಟು ಎಲ್ಲವನ್ನೂ ಒಂದೊಂದಾಗಿ ನೋಡುತ್ತಿದ್ದಳು. ಮುಳ್ಳು ತೂಗಾಡಿ ನೂರ ತೊಂಬತ್ತಕ್ಕೆ ನಿಂತಿತು. ಅವಳ ಕೈಕಟ್ಟು ಸಡಿಲವಾಯಿತು.

ಆ ಸಂಜೆ ಸ್ಟಾನ್‌ನ ಮಾಕೊ ಶಾರ್ಕ್ ಎರಡೇ ಪೌಂಡಿನಲ್ಲಿ ಗಿಲ್‌ನ ಮೀನಿಗೆ ಸೋತಿತು. ಬೆಳಗಿನಿಂದ ಒದ್ದೆ ಗೋಣಿ ಹೊದಿಸಿ, ಒಣಗಿ ತೂಕ ಇಳಿಯದಂತೆ ಕಾಪಾಡಿ ತಂದ ಮೀನು ಅದು.

“ಇನ್ನೊಂದ್ಸಲ ತೂಗು,” ಎಂದ ಸ್ಟಾನ್.

“ಕೊಕ್ಕೆಯಿಂದ ಇಳಿದ ಮೀನು ಮತ್ತೆ ಏರಲ್ಲ. ನಿಂಗೂ ಗೊತ್ತು,” ಎಂದ ವೆಂಡೆಲ್.

“ಗೊತ್ತು. ಗೆದ್ದೋನು ನಿನ್ನ ಬಾಮೈದ ಅನ್ನೋದೂ ಗೊತ್ತು.”

ಆಗಸ್ಟಿನಲ್ಲಿ ವೆಂಡೆಲ್ ಹಾಸಿಗೆ ಹಿಡಿದ. ಆ ಸುದ್ದಿಯೊಂದಿಗೆ ಧಕ್ಕೆಯಲ್ಲಿ ಇನ್ನೊಂದು ಮಾತೂ ಹಬ್ಬಿತು: ಹೊಟ್ಟೆಯೊಳಗಿನ ಹುಣ್ಣಿನಿಂದ ಸೊರಗುತ್ತಿದ್ದವನು ಜೂನ್‌ನಲ್ಲಿ ನೂರ ತೊಂಬತ್ತು ತೂಗಿದ್ದು ಹೇಗೆ?

*

“ಇಲ್ಲೇನು ಗುಸುಗುಸು?”

ಇಗರ್ಜಿಯ ಒಳಗಿನಿಂದ ಬಂದವಳು ನೋರೀನ್. ಅವಳ ಹಿಂದೆಯೇ ತಾಯಿ ಲೊರೆಟ್ಟಾ, ಕಪ್ಪು ಕೋಟಿನಲ್ಲಿ.

“ಇವತ್ತು ಬೇಡ ಅಂದ್ಕೊಂಡಿದ್ದೆ ನೋರೀನ್,” ಎಂದ ಸ್ಟಾನ್.

“ಅಂದ್ಕೊಂಡ ಮೇಲೆ ಸುಮ್ನಿರ್ಬೇಕಿತ್ತು, ಸ್ಟಾನ್ ಅಂಕಲ್.”

“ಯಂತ್ರ ಸುಳ್ಳು ಹೇಳ್ತು ಅಂತ ಎಲ್ರೂ ಬೆನ್ನ ಹಿಂದೆ ಆಡ್ಕೋತಿದ್ದಾರೆ. ಎದುರಿಗೆ ಹೇಳೋನು ನಾನೊಬ್ನೇ. ಈ ಪೆಟ್ಟಿಗೇಲಿ ಹೆಣ ಒಂದೇ ಇಲ್ಲ. ಯಂತ್ರ ಕೆಡಿಸೋಕೆ ಇಟ್ಕೊಂಡಿದ್ದ ಸಾಮಾನನ್ನ ಅವನ ಜತೆಗೇ ಹೂಳ್ತಿದ್ದೀರಿ.”

“ಬಾಯಿ ಮುಚ್ಚೋ!” ಎಂದು ಗಿಲ್ ಮುನ್ನುಗ್ಗಿದ.

ನೋರೀನ್ ಕೈ ಅಡ್ಡ ಹಿಡಿದಳು. “ನಿಲ್ಲು ಗಿಲ್ ಮಾವ. ಮಿಸ್ಟರ್ ಪೆಕ್, ಒಳಗೆ ಬೇರೆ ಏನಾದ್ರೂ ಇದೆಯಾ?”

ಹೆಣದ ಕೆಲಸ ನೋಡಿಕೊಳ್ಳುವ ಪೆಕ್ ಗಂಟಲು ಸರಿಮಾಡಿಕೊಂಡ. “ಬಟ್ಟೆ ತೊಡಿಸಿದ್ದು ನಾನಲ್ಲಮ್ಮ. ನಿಮ್ಮ ತಾಯಿ ತಾವೇ ತೊಡಿಸ್ತೀನಿ ಅಂದ್ರು. ಬಾಗಿಲು ಹಾಕ್ಕೊಂಡ್ರು. ಆಮೇಲೆ ತೆಗೀಬೇಡಿ ಅಂದ್ರು.”

ಎಲ್ಲರ ಕಣ್ಣೂ ಲೊರೆಟ್ಟಾಳ ಮೇಲೆ ಬಿತ್ತು.

“ಮುಚ್ಚಿದ್ದು ಮುಚ್ಚಿದ ಹಾಗೇ ಇರ್ಲಿ,” ಎಂದಳು ಅವಳು.

“ಅಮ್ಮ, ನಾಳೆಯಿಂದ ಅಪ್ಪನ್ನ ಮೋಸಗಾರ ಅಂತಾರೆ.”

“ಅನ್ಲಿ.”

“ಅನ್ಲಿ?”

ಲೊರೆಟ್ಟಾ ಕಿಟಕಿಯ ಕಡೆ ತಿರುಗಿದಳು.

*

ಮೇ ತಿಂಗಳಲ್ಲಿ ಒಂದು ದಿನ ನೆಲದ ಮೇಲೆ ಬಿದ್ದಿದ್ದ ಆ ಹಳದಿ ಕೋಟನ್ನು ಎತ್ತಿ ಗೋಡೆಗೆ ತೂಗುಹಾಕಿದ್ದಳು ಲೊರೆಟ್ಟಾ. ಮೊಳೆ ಗೋಡೆಯಿಂದ ಕಿತ್ತುಕೊಂಡು ಬಂತು. ಒಳಪದರದ ಉದ್ದಕ್ಕೂ ಸೀಸದ ಗುಂಡುಗಳು ಬೆರಳಿಗೆ ಸಿಕ್ಕವು. ಗಾಳದ ದಾರದಲ್ಲಿ, ಗಂಡಸಿನ ಒರಟು ಹೊಲಿಗೆಯಲ್ಲಿ ಅವನ್ನು ಕೂಡಿಸಲಾಗಿತ್ತು. ಮೀನಿನ ಹೊಟ್ಟೆಯಲ್ಲಿ ಸೀಸ ತುರುಕಿ ತಂದವರನ್ನು ಧಕ್ಕೆಯಿಂದ ಓಡಿಸಿದ್ದ ಗಂಡನ ಕೈಕೆಲಸ.

ಅವನ ಬೆಲ್ಟಿಗೆ ಹೊಸ ತೂತುಗಳಾಗಿದ್ದನ್ನು ಅವಳು ಆಗಲೇ ಕಂಡಿದ್ದಳು. ನೋರೀನ್ ನೋಡಿದರೆ ಅವತ್ತೇ ಅಪ್ಪನನ್ನು ನಗರಕ್ಕೆ ಎಳೆದೊಯ್ಯುತ್ತಾಳೆ, ಅವನಿಗೆ ಕೊಕ್ಕೆ ಏರಲು ಇನ್ನೊಂದು ಜೂನ್ ಸಿಗುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಎಡ ಕಂಕುಳ ಕೆಳಗೆ ಹೊಲಿಗೆ ಬಿಟ್ಟು ಒಂದು ಗುಂಡು ಜೋತಿತ್ತು. ಅವಳು ಸೂಜಿಗೆ ಕಪ್ಪು ನೂಲು ಪೋಣಿಸಿ ಅದನ್ನು ಬಿಗಿಮಾಡಿದಳು. ಗಂಡ ಹೆಂಡತಿ ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆಗಸ್ಟಿನಲ್ಲಿ ಡಾಕ್ಟರು, ವಸಂತದಲ್ಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ನೋರೀನ್ ಕೇಳಿದಳು, “ನಿಂಗೆ ಮುಂಚೆ ಏನೂ ಗೊತ್ತಾಗ್ಲೇ ಇಲ್ವಾ ಅಮ್ಮ?”

“ಇಲ್ಲ,” ಎಂದಿದ್ದಳು ಲೊರೆಟ್ಟಾ.

*

ಪೆಟ್ಟಿಗೆಯನ್ನು ಪಕ್ಕದ ಕೋಣೆಗೆ ತಳ್ಳಿಸಿ ನೋರೀನ್ ತಾನೇ ಮುಚ್ಚಳ ಎತ್ತಿದಳು. ಹಳದಿ ಮಳೆಕೋಟಿನೊಳಗೆ ವೆಂಡೆಲ್ ಎಷ್ಟು ಕಡಿಮೆ ಉಳಿದಿದ್ದನೆಂದರೆ, ಕೋಟನ್ನೇ ಮಲಗಿಸಿದಂತೆ ಕಾಣುತ್ತಿತ್ತು.

ಸ್ಟಾನ್ ಕೋಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ನೋಡಿದ. ಅವನ ಮುಖದಲ್ಲಿ ಮೊದಲು ಗೆದ್ದವನ ಕಳೆ ಬಂತು. ಮರುಗಳಿಗೆಯಲ್ಲೇ ಹೋಯಿತು.

“ಸೀಸ,” ಎಂದ. ಆಮೇಲೆ ಮೆಲ್ಲಗೆ, “ಮೈಮೇಲೆ ಕಟ್ಕೊಂಡಿದ್ದ. ಯಂತ್ರ ಸರಿಯಾಗೇ ಇತ್ತು.”

“ಹಾಗಾದ್ರೆ ನನ್ನ ಮೀನು?” ಎಂದ ಗಿಲ್.

“ನಿನ್ನ ಮೀನು ಎರಡು ಪೌಂಡು ಜಾಸ್ತಿ ಇತ್ತು. ಸಾಕಾ?” ಸ್ಟಾನ್ ಟೋಪಿ ತೆಗೆದ. “ಈ ನನ್ಮಗ ನಮಗೆಲ್ಲ ಚಳ್ಳೆಹಣ್ಣು ತಿನ್ನಿಸ್ದ. ಮೀನಿಗೆ ಮಾಡೋ ಮೋಸಾನ ತನಗೇ ಮಾಡ್ಕೊಂಡ.”

ಗಿಲ್ ಬಾಯಿ ತೆರೆದು ಅಳತೊಡಗಿದ. ಸ್ಟಾನ್ ಅವನ ತೋಳು ಹಿಡಿದು ಹೊರಗೆ ಕರೆದೊಯ್ದ. ಪೆಕ್ ಕೂಡ ಹೊರಟ.

ನೋರೀನ್ ಒಳಪದರವನ್ನು ತಡವುತ್ತ ಹೋದಳು. ಗಾಳದ ದಾರ, ಗಾಳದ ದಾರ. ಎಡ ಕಂಕುಳ ಕೆಳಗೆ ಅವಳ ಬೆರಳು ನಿಂತಿತು. ಅಲ್ಲಿ ಕಪ್ಪು ನೂಲಿನ ಸಣ್ಣ, ಸಮನಾದ ಹೊಲಿಗೆ. ಅವಳ ಶಾಲೆಯ ಲಂಗಗಳ ಅಂಚಿನಲ್ಲಿ ಇದ್ದದ್ದೂ ಅದೇ ಹೊಲಿಗೆ.

“ಅಮ್ಮ. ಯಾವಾಗ?”

“ಮೇ ತಿಂಗಳಲ್ಲಿ.”

“ಮೇ.” ನೋರೀನ್ ಆ ಪದವನ್ನು ಔಷಧಿಯಂತೆ ನುಂಗಿದಳು. “ಆಸ್ಪತ್ರೇಲಿ ನಾನು ಕೇಳಿದಾಗ?”

“ಸುಳ್ಳು ಹೇಳ್ದೆ.”

“ಅಪ್ಪ ಹೇಳಿಸಿದ್ರಾ?”

“ಇಲ್ಲ. ಅವರಿಗೆ ನಾನು ನೋಡಿದ್ದೇ ಗೊತ್ತಿಲ್ಲ. ಕೋಟು ಮನೇಲಿ ಬಿಟ್ರೆ ನಿನ್ನ ಕೈಗೆ ಸಿಗುತ್ತೆ ಅಂತ ತೊಡಿಸ್ದೆ.”

ನೋರೀನ್ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಸೀಸ ತೆಗೆಯಲಿಲ್ಲ. ಮುಚ್ಚಳ ಇಳಿಸಿದಳು.

ಪ್ರಾರ್ಥನೆ ಮುಗಿದು ಸ್ಮಶಾನಕ್ಕೆ ಹೋದಾಗ ಕಡಲಗಾಳಿ ಎದ್ದಿತ್ತು. ಪಾದ್ರಿ ಹಾಳೆಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಓದಿದರು. ಧಕ್ಕೆಯವರೆಲ್ಲ ಗುಂಡಿಯ ಒಂದು ಬದಿ, ಲೊರೆಟ್ಟಾ ಒಬ್ಬಳೇ ಇನ್ನೊಂದು ಬದಿ. ನೋರೀನ್ ಧಕ್ಕೆಯವರ ಜತೆ ನಿಂತಿದ್ದಳು. ಗಾಳಿಗೆ ಲೊರೆಟ್ಟಾಳ ಕಪ್ಪು ಕೋಟು ಮೈಗೆ ಅಂಟಿತು. ಹೆಗಲ ಎಲುಬು ಎದ್ದು ಕಂಡಿತು.

ನೋರೀನ್ ಅದನ್ನೇ ನೋಡಿದಳು. ಓದು ಮುಗಿಯುವ ಮೊದಲೇ ಗುಂಡಿಯನ್ನು ಸುತ್ತುಬಳಸಿ ಬಂದು ತಾಯಿಯ ಪಕ್ಕ ನಿಂತಳು. ಕೈ ಹಿಡಿಯಲಿಲ್ಲ. ತಾಯಿಯ ಕೋಟಿನ ಜೇಬಿಗೆ ಕೈ ಹಾಕಿದಳು. ಒಂದು ಕರವಸ್ತ್ರ ಸಿಕ್ಕಿತು. ಇನ್ನೊಂದು ಜೇಬಿಗೂ ಹಾಕಿ, ಸೀಸ ತಡಕುವಂತೆ ತಳದ ಹೊಲಿಗೆಯವರೆಗೆ ಬೆರಳಾಡಿಸಿದಳು. ಲೊರೆಟ್ಟಾ ಎರಡೂ ತೋಳುಗಳನ್ನು ಮೈಯಿಂದ ತುಸು ಎತ್ತಿ, ಮಗಳು ಹುಡುಕಿ ಮುಗಿಸುವವರೆಗೆ ಹಾಗೆಯೇ ನಿಂತಿದ್ದಳು.