ಇಂಟು ಮಾರ್ಕು

"ಹನ್ನೊಂದು," ಎಂದರು ರಾಧಾಮಣಿ ಮೇಡಂ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು. "ನೀನೇ ಎಣಿಸ್ಕೊ. ಹನ್ನೊಂದು ದಿನ ಬಿದ್ಕೊಂಡಿದ್ದೀಯ. ಜ್ವರ ಬಂದಿತ್ತಾ? ಕಾಲು ಮುರ್ದಿತ್ತಾ? ಏನೂ ಇಲ್ಲ. ಕೊಬ್ಬು ಕಣೆ, ಬರೀ ಕೊಬ್ಬು."

ಸಂಜಯನಗರದ ಈ ಮನೆಯಲ್ಲಿ ನಾನು ಏಳು ವರ್ಷದಿಂದ ಕೆಲಸಕ್ಕಿದ್ದೇನೆ. ನನ್ನ ಹೆಸರು ಮುನಿಯಲ್ಲಮ್ಮ, ಇವರಿಗೆ ಬರೀ ಮುನಿ. ಹಾಲು ಬಾರದ ದಿನಕ್ಕೆ ಮೇಡಂ ಕ್ಯಾಲೆಂಡರಿನಲ್ಲಿ ಸೊನ್ನೆ ಹಾಕುತ್ತಾರೆ, ನಾನು ಬಾರದ ದಿನಕ್ಕೆ ಇಂಟು ಮಾರ್ಕು. ಬ್ಯಾಂಕಿನಲ್ಲಿ ಆಫೀಸರು ಅವರು, ಕಪ್ಪು ಪೆನ್ನು, ನೀಟಾದ ಗೆರೆ. ಏಳು ವರ್ಷದಲ್ಲಿ ಒಂದು ಇಂಟನ್ನೂ ಮರೆತವರಲ್ಲ. ಇನ್ನೊಂದು ಬಿದ್ದರೆ ಬರುವುದೇ ಬೇಡ, ಬೇರೆಯವಳನ್ನು ಆಗಲೇ ನೋಡಿಟ್ಟಿದ್ದೇನೆ ಎಂದರು.

ಮಲಗಿದ್ದು ನಿಜ. ಗಂಗಾನಗರದ ಹಿಂದಿನ ನಮ್ಮ ಶೀಟಿನ ಮನೆಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು. ಏಳಬೇಕು ಅನ್ನುವುದು ತಲೆಯಲ್ಲಿತ್ತು, ಮೈ ಕೇಳುತ್ತಿರಲಿಲ್ಲ. ತಲೆ ಬಾಚಿಕೊಳ್ಳುವುದೂ ಬೆಟ್ಟ ಹೊತ್ತಷ್ಟು ಕೆಲಸವಾಗಿತ್ತು. ಬಾಯಿಗಿಟ್ಟ ಅನ್ನ ಮಣ್ಣಿನಂತಿತ್ತು. ಇದನ್ನೆಲ್ಲ ಮೇಡಂಗೆ ಯಾವ ಬಾಯಿಂದ ಹೇಳಲಿ? ನಾನು ತಲೆ ಬಗ್ಗಿಸಿ ಪಾತ್ರೆಗಳ ಕಡೆ ಹೋದೆ.

"ಪಾತ್ರೆ ಆಮೇಲೆ ತೊಳಿ," ಎಂದರು ಮೇಡಂ, ಥಟ್ಟನೆ ದನಿ ತಗ್ಗಿಸಿ. "ಸದ್ದು ಮಾಡ್ಬೇಡ. ಇಂಚರ ಮಲ್ಗಿದ್ದಾಳೆ."

ಇಂಚರ ಅವರ ಒಬ್ಬಳೇ ಮಗಳು, ಕಾಲೇಜಿನ ಹುಡುಗಿ. ಅವಳೂ ವಾರದ ಮೇಲಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳೂ ತಲೆ ಬಾಚಿರಲಿಲ್ಲ. ಆ ಕೋಣೆಗೆ ದಪ್ಪ ಪರದೆ ಬಂದಿತ್ತು, ಕುಕ್ಕರಿನ ಸೀಟಿ ನಿಂತಿತ್ತು, ಕಾಲೇಜಿಗೆ ಚೀಟಿ ಹೋಗಿತ್ತು. ಅವಳಿಗೆ ಯಾರೂ ಕೊಬ್ಬು ಎನ್ನಲಿಲ್ಲ.

ಮಾರನೆಯ ದಿನ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದಾಗ ಬ್ಯಾಗು, ನೀರಿನ ಬಾಟಲಿ ಹಿಡಿದು ನಾನೂ ಹೋದೆ. ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಇದು ಬೈಪೋಲಾರ್ ಅನ್ನುವ ಮೂಡಿನ ಕಾಯಿಲೆ, ಸೋಮಾರಿತನವಲ್ಲ ಎಂದರು ಡಾಕ್ಟರು. ಕೆಲವು ಕಾಲ ಮನಸ್ಸು ಪಾತಾಳಕ್ಕೆ ಇಳಿಯುತ್ತದೆ, ಕೆಲವು ಕಾಲ ನಿದ್ದೆಯೇ ಬೇಡವೆನ್ನುವಷ್ಟು ಏರುತ್ತದೆ. ಏರಿದ್ದೂ ಕಾಯಿಲೆಯೇ, ಹುಷಾರಾಯಿತು ಎಂದುಕೊಳ್ಳಬೇಡಿ. ಮಿದುಳಿನೊಳಗಿನ ಏರುಪೇರು ಇರುತ್ತದೆ, ವಂಶದಲ್ಲಿ ಇದ್ದರೆ ಬರುವ ಸಂಭವ ಹೆಚ್ಚು, ನಿದ್ದೆ ಕೆಟ್ಟರೆ, ಚಿಂತೆ ಹೆಚ್ಚಾದರೆ ಕೆರಳುತ್ತದೆ. ಮಾತ್ರೆ ತಪ್ಪಿಸಬಾರದು, ಆಗಾಗ ರಕ್ತ ಪರೀಕ್ಷೆ ಆಗಬೇಕು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. ಮೇಡಂ ತಮ್ಮ ಚಿಕ್ಕಪ್ಪನ ಹೆಸರು ಹೇಳಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಮ್ಮವ್ವನ ಹೆಸರು ಹೇಳುತ್ತಿದ್ದೆ. ಸುಗ್ಗಿಯಲ್ಲಿ ಮೂರಾಳಿನ ಕೆಲಸ ಮಾಡಿ ಹಾಡುತ್ತಿದ್ದವಳು, ಆಮೇಲೆ ತಿಂಗಳುಗಟ್ಟಲೆ ಕಂಬಳಿ ಮುಸುಕು ತೆಗೆಯುತ್ತಿರಲಿಲ್ಲ. ದೆವ್ವವೆಂದು ಅವಳನ್ನು ಗುಡಿಯ ಕಂಬಕ್ಕೆ ಕಟ್ಟಿದ್ದರು.

ಮೇಡಂ ಅವರ ಬಳೆ, ಸೀರೆ, ಮೂರಂತಸ್ತಿನ ಮನೆ ಕಂಡು ನನಗೆ ಎಂದೂ ಹೊಟ್ಟೆ ಉರಿದಿರಲಿಲ್ಲ. ಆ ಹುಡುಗಿಯ ಕಾಯಿಲೆ ಕಂಡು ಉರಿಯಿತು. ನನ್ನದೇ ಸಂಕಟಕ್ಕೆ ಅವಳ ಹತ್ತಿರ ಹೆಸರಿತ್ತು, ಚೀಟಿಯಿತ್ತು, ಮಾತ್ರೆಯಿತ್ತು. ನನ್ನ ಹತ್ತಿರ ಇಂಟು ಇತ್ತು.

ಡಾಕ್ಟರು ಒಂದು ಚಾರ್ಟು ಕೊಟ್ಟಿದ್ದರು. ಇಳಿದ ದಿನಕ್ಕೆ ನೀಲಿ, ಸಮವಾಗಿದ್ದ ದಿನಕ್ಕೆ ಹಸಿರು, ಏರಿದ ದಿನಕ್ಕೆ ಕೆಂಪು. ಮೇಡಂ ಬ್ಯಾಂಕಿಗೆ ಹೋದಮೇಲೆ ಹಗಲೆಲ್ಲ ಹುಡುಗಿಯ ಜೊತೆ ಇರುವವಳು ನಾನು. ಬಣ್ಣ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಚಾರ್ಟನ್ನು ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿದರು.

ಹುಡುಗಿ ಕೆಟ್ಟವಳಲ್ಲ. ಅಕ್ಕಾ, ಕೂತ್ಕೊಳಿ, ಗಂಜಿ ನೀವೂ ಕುಡೀರಿ ಎನ್ನುವಳು. ಆ ಒಳ್ಳೆಯತನವನ್ನೂ ನನಗೆ ಸಹಿಸಲಾಗುತ್ತಿರಲಿಲ್ಲ. ಮಲಗಿಕೊಂಡು ಒಳ್ಳೆಯವಳಾಗಿರುವುದು ಸುಲಭ ಎಂದುಕೊಳ್ಳುತ್ತಿದ್ದೆ.

ಮನೆಯಲ್ಲಿ ನನ್ನ ಗಂಡ ಬ್ಯಾಟರಾಯಪ್ಪ ಬೇರೆ ಲೆಕ್ಕ ಹಾಕಿದ್ದ. ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊರುವವನು, ಸುಸ್ತಾಗಿ ಬರುವವನು, ಬಂದು ನನ್ನನ್ನು ಬೈಯುವವನು. ಡಾಕ್ಟರು ಹೇಳಿದ್ದನ್ನು ಅವನಿಗೂ ಹೇಳಿ ನೋಡಿದೆ.

"ಮೂಡಂತೆ ಮೂಡು, ಸೋಂಬೇರಿ ಮುಂಡೆ," ಎಂದ. "ನಿಮ್ಮವ್ವನ್ ಮೈಮ್ಯಾಗಿದ್ದಿದ್ದೇ ನಿನ್ ಮ್ಯಾಗೂ ಬಂದೈತೆ. ಮಾಲಯ ಅಮಾಸೆಗೆ ಬಿಡುಸ್ತೀನಿ ಅಂದವ್ರೆ ಪೂಜಾರಪ್ಪ. ನೀನ್ ತಪ್ಪುಸ್ಕೊಳ್ಳಾಕೆ ಬಿಡಾಕಿಲ್ಲ."

ಹೋದ ಸಲ ಪೂಜಾರಪ್ಪ ಉರಿಯುವ ಕರ್ಪೂರವನ್ನು ನನ್ನ ಅಂಗೈ ಮೇಲಿಟ್ಟು, ಯಾರು ನೀನು ಹೇಳು ಎಂದು ಬೇವಿನ ಬರಲಿನಲ್ಲಿ ಹೊಡೆದಿದ್ದ. ಮುನಿಯಲ್ಲಮ್ಮ ಎಂದಷ್ಟೂ ಹೊಡೆತ ಬಿತ್ತು. ಕೊನೆಗೆ ಅವ್ವನ ಹೆಸರು ಹೇಳಿದ ಮೇಲೆ ಬಿಟ್ಟ. ಅಂಗೈಯಲ್ಲಿ ಕಲೆ ಇನ್ನೂ ಇದೆ, ಸೋಪಿನ ನೀರು ತಾಗಿದರೆ ಚುರುಗುಟ್ಟುತ್ತದೆ.

ಭಾದ್ರಪದದಲ್ಲಿ ಹುಡುಗಿ ಎದ್ದಳು. ಮೊದಲು ಸ್ನಾನ, ಆಮೇಲೆ ಮಾತು. ಒಂದು ದಿನ ಬೆಳಿಗ್ಗೆ ನಾನು ಹೋದಾಗ ಪುಸ್ತಕಗಳನ್ನೆಲ್ಲ ನೆಲಕ್ಕೆ ಸುರಿದು ಜೋಡಿಸುತ್ತಿದ್ದಳು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಮಾತು. ಮಲಗಲೇ ಇಲ್ಲ ಅಕ್ಕಾ, ಸುಸ್ತೇ ಇಲ್ಲ ಎಂದಳು. ಆ ಕಣ್ಣಿನ ಹೊಳಪು ನನಗೆ ಗೊತ್ತಿತ್ತು. ಯುಗಾದಿಯ ಹೊತ್ತಿಗೆ ನನ್ನ ಕಣ್ಣಲ್ಲೂ ಅದೇ ಇತ್ತು. ಎರಡು ತಾಸು ಮಲಗಿದರೆ ಸಾಕಾಗಿತ್ತು. ಈ ಮನೆಯ ಫ್ಯಾನು, ಅಟ್ಟ, ಸಂಪು, ಕಿಟಕಿ ಎಲ್ಲವನ್ನೂ ಒಬ್ಬಳೇ ತಿಕ್ಕಿದ್ದೆ. ಹಾಡಿಕೊಂಡು ತಿಕ್ಕಿದ್ದೆ. ಬೀದಿಯಲ್ಲಿ ಕುಣಿದೂ ಇದ್ದೆ. ಆಗ ಮೇಡಂ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಗೃಹಪ್ರವೇಶದ ಕೆಲಸಕ್ಕೆಂದು ತಂಗಿಯ ಮನೆಗೂ ಕಳಿಸಿದ್ದರು. ನಾನು ಏರಿದಾಗ ಅದು ಯಾರಿಗೂ ಕಾಯಿಲೆಯಾಗಿ ಕಾಣಲಿಲ್ಲ, ಅವರ ಕೆಲಸ ಆಗುತ್ತಿತ್ತಲ್ಲ.

ಕೆಂಪು ಪೆನ್ಸಿಲು ಕೈಗೆತ್ತಿಕೊಂಡವಳು ಕೆಳಗಿಟ್ಟೆ. ಹಸಿರು ತುಂಬಿದೆ. ನನ್ನನ್ನು ಯಾರು ಹಿಡಿದು ನಿಲ್ಲಿಸಿದ್ದರು, ಇವಳನ್ನು ಯಾಕೆ ನಿಲ್ಲಿಸಬೇಕು, ಇವಳೂ ನನ್ನ ಹಾಗೆ ಬೀಳಲಿ. ಹಾಗೆಯೇ ಅಂದುಕೊಂಡೆ, ಮುಚ್ಚುಮರೆ ಏನಿಲ್ಲ. ನಾಲ್ಕು ದಿನ ಹಸಿರೇ ತುಂಬಿದೆ. ಬಾಗಿಲಲ್ಲಿ ನಿಂತು ಹೇಗಿದ್ದೀಯ ಎಂದು ಮಗಳನ್ನು ಕೇಳಿ, ಚಾರ್ಟು ನೋಡಿ, ಮೇಡಂ ಸಮಾಧಾನದಿಂದ ಬ್ಯಾಂಕಿಗೆ ಹೋದರು.

ಐದನೆಯ ದಿನ ಹುಡುಗಿ ಸ್ಕೂಟರು ತೆಗೆದುಕೊಂಡು ಹೆಬ್ಬಾಳದ ಫ್ಲೈಓವರಿನ ಮೇಲೆ ಹಾಡುತ್ತಾ ಹೋಗಿ ಬಿದ್ದಳು. ಎಡಗೈ ಮುರಿಯಿತು. ಹಿಂದಿದ್ದ ಲಾರಿ ಬ್ರೇಕು ಹಾಕಿದ್ದಕ್ಕೆ ಜೀವ ಉಳಿಯಿತು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಹುಡುಗಿಯನ್ನು ನೋಡಿ ನನಗೆ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋಗಿ ಆ ನಾಲ್ಕು ಹಸಿರಿನ ಮೇಲೆ ಕೆಂಪು ತಿಕ್ಕಿದೆ. ತಿಕ್ಕುವಾಗ ಪಕ್ಕದ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಯಾಕೋ ಹಾಳೆಗಳನ್ನು ಮೊದಲಿಂದ ತಿರುವಿದೆ. ಸಂಕ್ರಾಂತಿ ಕಳೆದು ಒಂಬತ್ತು ಇಂಟು, ಸಾಲಾಗಿ. ಯುಗಾದಿಯ ತಿಂಗಳಲ್ಲಿ ಒಂದೂ ಇಲ್ಲ, ಭಾನುವಾರವೂ ಬಂದಿದ್ದೆ. ಶ್ರಾವಣದಲ್ಲಿ ಹನ್ನೊಂದು. ಇಳಿತ, ಏರು, ಇಳಿತ. ಪಕ್ಕದ ಚಾರ್ಟಿನಲ್ಲಿದ್ದದ್ದೂ ಇಂಥದೇ ಇಳಿತ, ಏರು. ನಾನು ಇಂಟುಗಳ ಮೇಲೆ ನೀಲಿ ತುಂಬುತ್ತಾ ಹೋದೆ. ಯುಗಾದಿಗೆ ಕೆಂಪು.

"ಏನ್ ಮಾಡ್ತಿದ್ದೀಯ ಅಲ್ಲಿ?" ಮೇಡಂ ಬಾಗಿಲಲ್ಲಿದ್ದರು.

ನಾನು ಪೆನ್ಸಿಲು ಕೆಳಗಿಟ್ಟೆ. "ಇಂಚರಮ್ಮಂಗೆ ನಿದ್ದೆ ಕೆಟ್ಟಿದ್ದು ನಂಗೊತ್ತಿತ್ತು ಮೇಡಂ. ಒಟ್ಟೆಕಿಚ್ಚಿಗೆ ಅಸ್ರು ಆಕ್ದೆ. ತಪ್ಪು ನಂದೇಯ. ನಂಗೂ ಅದೇ ಕಾಯ್ಲೆ ಐತೆ, ನೋಡಿ ಇಲ್ಲಿ."

ಅವರು ನೋಡಲಿಲ್ಲ. ಕೆನ್ನೆಗೆ ಬಾರಿಸಿದರು. ಅದು ನನಗೆ ಸಲ್ಲಬೇಕಾದ್ದೇ, ತಡೆಯಲಿಲ್ಲ. ಆಮೇಲೆ ಹೇಳಿದ ಮಾತನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ನಿಂಗೆ ಬೈಪೋಲಾರಾ? ಬುದ್ಧಿವಂತರಿಗೆ ಬರೋ ಕಾಯಿಲೆ ಕಣೆ ಅದು. ನಿಮ್ಮಂಥೋರಿಗೆ ಮನಸ್ಸು ಅಂತ ಒಂದಿದ್ರೆ ತಾನೆ ಕೆಡೋದು?"

ನಾನು ಕ್ಯಾಲೆಂಡರನ್ನು ಮೊಳೆಯಿಂದ ಎಳೆದುಕೊಂಡೆ. ಅದು ನಮ್ಮನೇದು, ಇಡು ಎಂದು ಅವರು ಇನ್ನೊಂದು ತುದಿ ಹಿಡಿದರು. ನಾನು ಬಿಡಲಿಲ್ಲ.

"ಗೋಡೆ ನಿಮ್ದು, ಮೊಳೆ ನಿಮ್ದು," ಎಂದೆ. "ಇಂಟು ನಂದು."

ಅಮಾವಾಸ್ಯೆ ಮಂಗಳವಾರ ಬಿತ್ತು. ಸರ್ಕಾರಿ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುವುದೂ ಮಂಗಳವಾರವೇ. ಬೆಳಿಗ್ಗೆ ಆರಕ್ಕೇ ಹೋಗಿ ಸಾಲಿನಲ್ಲಿ ಕೂತೆ. ಬ್ಯಾಟರಾಯಪ್ಪನ ಫೋನು ಎಂಟು ಸಲ ಬಂತು. ಪೂಜಾರಪ್ಪ ಗುಡಿಯ ಮುಂದೆ ಕಾಯುತ್ತಿರಬೇಕು.

ನನ್ನ ಸರದಿಗೆ ಇನ್ನೊಬ್ಬಳೇ ಬಾಕಿಯಿರುವಾಗ ಚೀಟಿ ಕೊಡುವವನು ಬಂದು ಟೈಮಾಯಿತು, ಉಳಿದವರು ಮುಂದಿನ ವಾರ ಬನ್ನಿ ಎಂದ. ನಾನು ಅವನನ್ನು ದಾಟಿ ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಎದ್ದೇಳೇ, ನಿಮ್ಮಪ್ಪನ ಮನೆನಾ ಎಂದು ಅವನು ರಟ್ಟೆ ಹಿಡಿದ. ಅಫ್ರೀನ್ ಎಂದು ಬೋರ್ಡಿದ್ದ ಆ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟು ನಿಂತಿದ್ದರು. ಎಷ್ಟು ದಿನದಿಂದ ಏನು ತೊಂದರೆ ಎಂದು ನಿಂತುಕೊಂಡೇ ಕೇಳಿದರು. ನಾನು ಮೇಜಿನ ಮೇಲೆ ಕ್ಯಾಲೆಂಡರು ಬಿಚ್ಚಿಟ್ಟೆ.

ಅವರು ಒಂದು ಹಾಳೆ ತಿರುವಿದರು. ಇನ್ನೊಂದು ತಿರುವಿದರು. "ಇಷ್ಟು ಕರೆಕ್ಟಾಗಿ ಯಾರಮ್ಮಾ ಬರೆದಿಟ್ಟಿದ್ದು?"

"ನಮ್ ಮೇಡಮ್ಮು. ನನ್ ಕೊಬ್ಬು ಬರ್ದಿಟ್ಟವ್ರೆ. ಒಂದ್ ದಿನಾನೂ ಬಿಟ್ಟಿಲ್ಲ. ಇದ್ರ ಎಸ್ರು ಏನು ಅಂತ ದೊಡ್ಡಕ್ಷರದಾಗೆ ಬರ್ಕೊಡಿ, ನಮ್ಮೆಜಮಾನ್ರಿಗೆ ತೋರುಸ್ಬೇಕು."

ಡಾಕ್ಟರು ಮುಂದಿನ ವಾರ ನೋಡುತ್ತಾರೆ, ನಡಿ ಎಂದು ಚೀಟಿಯವನು ಮತ್ತೆ ಎಳೆದ. ಫೋನು ಮತ್ತೆ ಬಡಿದುಕೊಂಡಿತು. ಡಾಕ್ಟರಮ್ಮ ಗಡಿಯಾರ ನೋಡಿದರು, ಕ್ಯಾಲೆಂಡರು ನೋಡಿದರು, ಹೆಗಲ ಬ್ಯಾಗು ಇನ್ನೂ ಇಳಿಸಿರಲಿಲ್ಲ. ನಾನು ಕಲೆಯಿದ್ದ ಅಂಗೈಯಿಂದ ಮೇಜಿನ ಅಂಚನ್ನು ಭದ್ರವಾಗಿ ಹಿಡಿದುಕೊಂಡೆ. ಶ್ರಾವಣದಲ್ಲಿ ಹನ್ನೊಂದು ದಿನ ಏಳಲಾಗದೆ ಬಿದ್ದಿದ್ದೆ. ಇವತ್ತು ಏಳುವುದಿಲ್ಲ.