ಅತ್ತು ಹೇಳಿದ ಮಾತು

ಆಂಬುಲೆನ್ಸಿನಲ್ಲಿ ಹನ್ನೊಂದು ವರ್ಷ ನರ್ಸಾಗಿ ದುಡಿದವಳಿಗೆ ಸಾವು ಹೊಸದಲ್ಲ. ಆದರೂ ಶಾಲೆಯ ವ್ಯಾನು ಕಾಲುವೆಗೆ ಉರುಳಿದ ದಿನದಿಂದ ಅವಳಿಗೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ದಡಕ್ಕೆ ತಂದ ಹುಡುಗಿಗೆ ಇನ್ನೂ ಉಸಿರಿತ್ತು. ಆಕ್ಸಿಜನ್ ಹಚ್ಚಲು ಹೋದರೆ ಸಿಲಿಂಡರ್ ಖಾಲಿ. ಎರಡನೇ ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯಲ್ಲಿ ಮಗಳಿಗೆ ಜಡೆ ಹಾಕಲು ಕೂತರೆ ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದಳು.

ಅವರ ಆಂಬುಲೆನ್ಸ್ ಕೇಂದ್ರದ ಮೇಲ್ವಿಚಾರಕನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಸ್ಟ್ರೆಚರ್ ಹಿಡಿಯುವುದರಿಂದ ಮೊದಲುಗೊಂಡು ಅವಳಿಗೆ ಕೆಲಸ ಕಲಿಸಿದವನು ಅವನೇ. ಒಂದು ಮಧ್ಯಾಹ್ನ ಅವಳನ್ನು ತನ್ನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ.

“ಒಳಗೇ ಇಟ್ಕೊಂಡ್ರೆ ಹುಣ್ಣಾಗತ್ತೆ ತಾಯಿ. ಹೇಳ್ಕೊಂಡ್ಬಿಡು. ಇಲ್ಲಿ ಆಡಿದ್ದು ಈ ನಾಲ್ಕು ಗೋಡೆ ದಾಟಲ್ಲ.”

ಅವಳು ಬಿಕ್ಕಿ ಬಿಕ್ಕಿ ಅತ್ತಳು. “ಒಂದು ನಿಮಿಷ ನಂಗೆ ಏನೂ ತೋಚ್ಲಿಲ್ಲ ದೊಡ್ಡಣ್ಣ. ಅವಳ ಕೈ ಹಿಡ್ಕೊಂಡು ಸುಮ್ನೆ ಕೂತ್ಬಿಟ್ಟೆ.”

ಅವನು ನೀರು ಕೊಟ್ಟು ಸಮಾಧಾನ ಮಾಡಿದ. ಎಷ್ಟೋ ದಿನಗಳ ಮೇಲೆ ಅವಳಿಗೆ ಕಣ್ತುಂಬ ನಿದ್ದೆ ಬಂತು.

ಹತ್ತನೇ ದಿನ ಅಮಾನತಿನ ಆದೇಶ ಕೈಸೇರಿತು. ‘ತಾವೇ ಒಪ್ಪಿಕೊಂಡಂತೆ, ಒಂದು ನಿಮಿಷ ಚಿಕಿತ್ಸೆ ನೀಡದೆ ಕುಳಿತಿದ್ದರು’ ಎಂದಿತ್ತು. ಖಾಲಿ ಸಿಲಿಂಡರಿನ ಸುದ್ದಿಯೇ ಇಲ್ಲ. ಗಾಡಿ ಹೊರಡುವ ಮುನ್ನ ಸಿಲಿಂಡರ್ ನೋಡಬೇಕಾದವನು ದೊಡ್ಡಣ್ಣ.

ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು. “ನನ್ನ ಕಣ್ಣೀರನ್ನೇ ಸಾಕ್ಷಿ ಮಾಡಿದ್ರಲ್ಲ?”

“ನಂಗೂ ಹೆಂಡ್ತಿ ಮಕ್ಕಳಿದಾರಮ್ಮ. ರಿಟೈರಾಗೋಕೆ ಎರಡೇ ವರ್ಷ. ನೀನಿನ್ನೂ ಚಿಕ್ಕೋಳು, ತಡ್ಕೋತೀಯ.”

“ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು ದೊಡ್ಡಣ್ಣ?”

ಅವನು ಫೈಲು ಎಳೆದುಕೊಂಡು ಸಹಿ ಹಾಕತೊಡಗಿದ.

ವಿಚಾರಣೆಯ ದಿನ ಆಂಬುಲೆನ್ಸಿನ ಡ್ರೈವರ್ ಬಂದ. ಕೇಳಿದ್ದಕ್ಕೂ ಅರ್ಧ ಉತ್ತರ ಕೊಡುವ ಮನುಷ್ಯ. “ಅವತ್ತು ವಾಪಸ್ ಬಂದ್ಮೇಲೆ ಗಾಡಿಯಿಂದ ಖಾಲಿ ಸಿಲಿಂಡರ್ ಇಳಿಸಿದ್ದು ನಾನು ಸಾರ್. ಯಾರ ಹತ್ರಾನೂ ಬಾಯ್ಬಿಡ್ಬೇಡ ಅಂದಿದ್ದು ಇವ್ರು,” ಎಂದು ದೊಡ್ಡಣ್ಣನತ್ತ ಕೈ ತೋರಿಸಿ ಕೂತ.

ಅವಳ ಅಮಾನತು ರದ್ದಾಯಿತು. ದೊಡ್ಡಣ್ಣನಿಗೆ ಬೇರೆ ಊರಿಗೆ ವರ್ಗವಾಯಿತು. ಕೇಂದ್ರದವರು ಸಿಹಿ ಹಂಚಿದರು. ಅವಳು ತನ್ನ ಪಾಲನ್ನು ಮೇಜಿನ ಮೇಲೆ ಬಿಟ್ಟು ಮನೆಗೆ ಹೊರಟಳು.

ಮತ್ತೆ ನಿದ್ದೆಗೆಟ್ಟವಳನ್ನು ಅಕ್ಕ ಕೈಹಿಡಿದು ಮನೋವೈದ್ಯೆಯ ಬಳಿ ಕರೆದೊಯ್ದಳು. ಮೊದಲೆರಡು ಭೇಟಿಯಲ್ಲಿ ಅವಳು ತುಟಿಪಿಟಕ್ಕೆನ್ನಲಿಲ್ಲ. ವೈದ್ಯೆ ಬರೆಯುವ ಪೆನ್ನನ್ನೇ ನೋಡುತ್ತ ಕೂತಿದ್ದಳು. ಮೂರನೇ ಸಲ ವೈದ್ಯೆ ಪೆನ್ನು ಮುಚ್ಚಿಟ್ಟಾಗ ಅವಳು ಮಾತಾಡಿದಳು. ಆ ದಿನವೆಲ್ಲ ದೊಡ್ಡಣ್ಣನ ಮಾತೇ ಆಯಿತು. ಕಾಲುವೆಯ ಹುಡುಗಿಯ ವಿಷಯ ಬಾಯಿಗೆ ಬರಲು ಇನ್ನೂ ಮೂರು ತಿಂಗಳು ಹಿಡಿಯಿತು.